ಬ್ಯಾಂಕಿನಲ್ಲಿದ್ದ ಮಗ

ಯೋರಿಸನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವುದೆಂದರೆ ನನ್ನ ಒಂದು ದಿನ ಹಾಳಾಯಿತೆಂದೇ ಲೆಕ್ಕ. ಬಾಲಿ ದ್ವೀಪದ ನಮ್ಮ ಹಳ್ಳಿಯಿಂದ ಸಿಂಗರಾಜ ಪೇಟೆಗೆ ಸ್ಕೂಟರಿನಲ್ಲಿ ಹೋಗಬೇಕು. ಅಲ್ಲಿ ಪಾಸ್‌ಪೋರ್ಟಿನ ಜೆರಾಕ್ಸ್ ಕೇಳುತ್ತಾರೆ. ಅದನ್ನು ತಂದರೆ ವಾಸದ ಪರವಾನಗಿಯ ಜೆರಾಕ್ಸ್ ಎಲ್ಲಿ ಎನ್ನುತ್ತಾರೆ. ಅದನ್ನೂ ತರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಬೆಲ್ಜಿಯಂನಿಂದ ಬರುವ ಅವನ ಪಿಂಚಣಿ ಸಮುದ್ರ ದಾಟುವಾಗ ದಾರಿಯುದ್ದಕ್ಕೂ ಯಾರ್ಯಾರೋ ಒಂದೊಂದು ತುತ್ತು ತಿಂದಿರುತ್ತಾರೆ. ಉಳಿದದ್ದನ್ನಾದರೂ ತೆಗೆಯೋಣವೆಂದರೆ ಎಟಿಎಮ್ಮಿನಲ್ಲಿ ನೋಟಿರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಯೋರಿಸ್ ನಮ್ಮ ಹಿತ್ತಿಲ ಕೋಣೆಯ ಬಾಡಿಗೆಯವನು. ಅರವತ್ತೆಂಟು ವಯಸ್ಸು, ಎರಡೂ ಮೊಣಕಾಲು ನೋವು, ಮಾತು ಕಡಿಮೆ. ನಾನು ಅವನನ್ನು ಬ್ಲಿ ಎನ್ನುತ್ತೇನೆ. ಬ್ಲಿ ಅಂದರೆ ಅಣ್ಣ. ಮೀನು ಮಾರುವವನೂ ನನಗೆ ಬ್ಲಿಯೇ, ಅದಕ್ಕೇನೂ ವಿಶೇಷ ಅರ್ಥವಿಲ್ಲ. ಆದರೆ ಅವನು ನನ್ನ ತಾಯಿಯನ್ನು ಮೇಮೆ, ಅಂದರೆ ಅವ್ವ, ಎಂದು ಕರೆಯುವಾಗ ಮಾತ್ರ ಅರ್ಥವಿಟ್ಟೇ ಕರೆಯುತ್ತಾನೆ.

ಆ ಸಲ ಅವನ ಎಟಿಎಂ ಕಾರ್ಡಿನ ಅವಧಿ ಮುಗಿದಿತ್ತು. ಕೌಂಟರಿನಲ್ಲಿ ಹೆಸ್ತಿ ಅಂತ ಹೊಸ ಹುಡುಗಿ, ಜಾವಾದಿಂದ ವರ್ಗವಾಗಿ ಬಂದವಳು. ಕಂಪ್ಯೂಟರ್ ನೋಡಿಕೊಂಡು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ನಿಮ್ಮ ತಾಯಿ ಹೆಸರು ಹೇಳಿ ಸಾರ್."

ನಮ್ಮ ಬ್ಯಾಂಕುಗಳಲ್ಲಿ ತಾಯಿಯ ಹೆಸರೇ ಬೀಗದ ಕೈ. ಯೋರಿಸ್ ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದ: "ನಿ ನೆಂಗಾ ರೆಂಪೆನ್."

ಹುಡುಗಿ ನಕ್ಕಳು. ಆಮೇಲೆ ಪರದೆ ನೋಡಿದಳು, ಅವನ ಬಿಳಿ ಗಡ್ಡ ನೋಡಿದಳು, ನಗು ನಿಲ್ಲಿಸಿದಳು. "ಇದು ಬಾಲಿಯವರ ಹೆಸರಲ್ವಾ ಸಾರ್?"

"ಅವರು ಬಾಲಿಯವರೇ," ಅಂದ ಯೋರಿಸ್.

ರೆಂಪೆನ್ ನನ್ನ ತಾಯಿ. ಇಪ್ಪತ್ತು ವರ್ಷದ ಹಿಂದೆ ಯೋರಿಸ್ ಖಾತೆ ತೆರೆಯಲು ಹೋದಾಗ ಅವಳೂ ಜೊತೆಗೆ ಹೋಗಿದ್ದಳಂತೆ. ಯೋರಿಸ್ ಸನ್ಯಾಸಿನಿಯರ ಅನಾಥಾಶ್ರಮದಲ್ಲಿ ಬೆಳೆದವನು. ಅವನ ಜನನ ಪತ್ರದಲ್ಲಿ ತಾಯಿಯ ಸಾಲು ಖಾಲಿ. ಆ ಕಾಲದ ಗುಮಾಸ್ತ, ಕಂಪ್ಯೂಟರ್ ಖಾಲಿ ಜಾಗ ಒಪ್ಪುವುದಿಲ್ಲ, ಏನಾದರೂ ಹೇಳಿ ಎಂದು ಪೀಡಿಸಿದ. ಆಗ ಮೇಮೆ, "ನನ್ನ ಹೆಸರೇ ಬರ್ಕೊಳ್ಳಪ್ಪ. ಇವನಿಗೆ ತಾಯಿಯಿಲ್ಲ, ನನಗೆ ಗಂಡುಮಗ ಇಲ್ಲ. ಇಬ್ಬರ ಕಾಟಾನೂ ತಪ್ಪುತ್ತೆ" ಅಂದಳಂತೆ. ಎಲ್ಲರೂ ನಕ್ಕರಂತೆ.

ತಮಾಷೆಗೆ ಆಡಿದ ಮಾತು, ಆದರೆ ತಮಾಷೆಯಾಗಿ ಉಳಿಯಲಿಲ್ಲ. ನಮ್ಮಲ್ಲಿ ಮನೆಗುಡಿಯ ಪೂಜೆ, ಚಿತೆ, ಪಿತೃಗಳು ಎಲ್ಲವೂ ಗಂಡುಮಕ್ಕಳ ಪಾಲು. ಗಂಡುಮಗನಿಲ್ಲದವಳನ್ನು ಊರಿನ ಹೆಂಗಸರು ಮದುವೆ ಮುಂಜಿಗಳಲ್ಲಿ ನೋಡುವ ನೋಟ ನನಗೆ ಗೊತ್ತು. ಆರು ತಿಂಗಳಿಗೊಮ್ಮೆ ದುಡ್ಡಿನ ದೇವಿಯ ಬುಧವಾರ ಬರುತ್ತದೆ. ಅವತ್ತು ಮನೆಯವರ ಹಣವೆಲ್ಲ ಒಂದೇ ತಟ್ಟೆಯಲ್ಲಿ ಪೂಜೆಗೆ ಕೂರುತ್ತದೆ, ಸಂಜೆಯವರೆಗೆ ಒಂದು ರುಪಿಯಾ ಕೂಡ ಹೊರಗೆ ಹೋಗುವುದಿಲ್ಲ. ಆ ತಟ್ಟೆಗೆ ಮೇಮೆ ಪ್ರತಿ ಸಲ ಹಿತ್ತಿಲ ಕಡೆ ಕೂಗಿ ಯೋರಿಸನ ಪಾಸ್‌ಬುಕ್ಕನ್ನೂ ತರಿಸಿಕೊಳ್ಳುವಳು. ನಾನು ಗಂಡನನ್ನು ಬಿಟ್ಟು ತವರಿಗೆ ಬಂದವಳು. ನೀರು ಕಾಯಿಸುವವಳು, ಕಾಲು ಒತ್ತುವವಳು ನಾನು. ಮಗ ಮಾತ್ರ ಬ್ಯಾಂಕಿನಲ್ಲಿ. ಪೂಜೆಯ ದಿನ ಕೂರಲಿಕ್ಕೂ ನನಗೆ ಪುರುಸೊತ್ತಿರುವುದಿಲ್ಲ. ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಹೆಸ್ತಿ ಒಳ್ಳೆಯ ಹುಡುಗಿ, ನಿಧಾನವಾಗಿ ಬಿಡಿಸಿ ಹೇಳಿದಳು. ಮೇಲಿನವರ ಅಪ್ಪಣೆಯಾಗಿದೆ, ದಾಖಲೆಗಳಲ್ಲಿ ಇರುವುದಷ್ಟೇ ಖಾತೆಯಲ್ಲೂ ಇರಬೇಕು. ಈಗ 'ತಿಳಿದಿಲ್ಲ' ಎಂದು ಬರೆಯುವ ಅವಕಾಶವೂ ಇದೆ. ಹತ್ತು ಸಾವಿರ ರುಪಿಯಾದ, ಅಂದರೆ ಒಂದು ಊಟದ ಬೆಲೆಯ, ಸ್ಟಾಂಪಿನ ಮೇಲೆ ಒಂದು ಸಹಿ ಹಾಕಿದರೆ ಇವತ್ತೇ ಹೊಸ ಕಾರ್ಡು. ಹಾಕದಿದ್ದರೆ ಖಾತೆಗೆ ತಡೆ.

"ಯೋಚನೆ ಮಾಡ್ತೀನಿ," ಅಂದು ಯೋರಿಸ್ ಎದ್ದುಬಿಟ್ಟ.

ಯೋಚನೆ ಮಾಡಿದ್ದೇ ಮಾಡಿದ್ದು. ಬಾಡಿಗೆ ನಿಂತಿತು, ಮನೆಮುಂದೆ ನಾನು ನಡೆಸುವ ಊಟದ ಅಂಗಡಿಯಲ್ಲಿ ಅವನ ಊಟ ಸಾಲವಾಯಿತು. ಅದು ಹೋಗಲಿ. ತಿಂಗಳ ಕೊನೆಗೆ ವಾಸದ ಪರವಾನಗಿ ಹೊಸದು ಮಾಡಿಸಬೇಕಿತ್ತು, ಅದಕ್ಕೆ ಬ್ಯಾಂಕಿನ ಪತ್ರ ಬೇಕು. ಪತ್ರವಿಲ್ಲದಿದ್ದರೆ ದ್ವೀಪ ಬಿಡಬೇಕು. ಈ ವಯಸ್ಸಿನಲ್ಲಿ, ಆ ಮೊಣಕಾಲು ಇಟ್ಟುಕೊಂಡು, ತನ್ನವರು ಯಾರೂ ಇಲ್ಲದ ಚಳಿಯ ಊರಿಗೆ.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಬ್ಲಿ, ನಿಮಗೇನು ತಲೆ ಕೆಟ್ಟಿದೆಯಾ? ಕಂಪ್ಯೂಟರಲ್ಲಿರೋ ಒಂದು ಹೆಸರು! ಅದಕ್ಕೋಸ್ಕರ ಊರು ಬಿಟ್ಟು ಹೋಗ್ತೀರಾ?"

ಅವನು ತಟ್ಟೆಯಲ್ಲಿದ್ದ ಅನ್ನವನ್ನೇ ನೋಡುತ್ತ ಹೇಳಿದ. "ನಿನ್ನ ತಾಯಿ ಯಾರು ಅಂತ ಚಿಕ್ಕಂದಿನಿಂದ ಎಲ್ಲರೂ ಕೇಳಿದ್ದಾರೆ ಮುರ್ನಿ. ನಾನು ಉತ್ತರ ಕೊಡೋದು ಆ ಒಂದು ಕೌಂಟರಲ್ಲಿ ಮಾತ್ರ."

ನನಗೆ ಅಯ್ಯೋ ಅನ್ನಿಸಿತು. ಸಿಟ್ಟೂ ಬಂತು. ಮರುಕ ಪಟ್ಟು ಪಟ್ಟು ನನಗೆ ಸಾಕಾಗಿ ಹೋಗಿದೆ. ನೆಟ್ಟಗೆ ಒಳಗೆ ಹೋಗಿ ಮೇಮೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ಮರುದಿನ ಮೇಮೆ ಗುಡಿಗೆ ಹೋಗುವ ಜರಿ ರವಿಕೆ ತೊಟ್ಟು, ಸೊಂಟಕ್ಕೆ ಹಳದಿ ಪಟ್ಟಿ ಬಿಗಿದು ನಿಂತಿದ್ದಳು. ಎಂಬತ್ತು ದಾಟಿದ ಮುದುಕಿ ಅಂತ ಬಾಡಿಗೆ ಕಾರು ಕರೆಸಿ ಮೂವರೂ ಹೋದೆವು. ಹೆಸ್ತಿ ಕುರ್ಚಿ ಕೊಟ್ಟು, ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

ಮೇಮೆ ಕೇಳಿಸಿಕೊಂಡು ಯೋರಿಸನ ಕಡೆ ತಿರುಗಿದಳು. "ಸಹಿ ಹಾಕೋ ಮಂಕೆ. ನನ್ನ ಹೆಸರು ಕಚ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ನಾಳೆ ನಾನು ಸತ್ರೆ ಹೊರೋಕೆ ಈ ಕಂಪ್ಯೂಟರ್ ಬರುತ್ತಾ?"

"ಮೇಮೆ..."

"ಹಾಕು ಅಂದೆ."

ಹಾಕಿದ. ಹೆಸ್ತಿ ಒಂದು ಗುಂಡಿ ಒತ್ತಿದಳು. ಮೇಮೆ ಪರದೆಯನ್ನು ಈ ಕಡೆ ತಿರುಗಿಸು ಅಂದಳು. ಅವಳಿಗೆ ಓದಲು ಬಾರದು.

"ಎಲ್ಲಿತ್ತಮ್ಮ ನನ್ನ ಹೆಸರು?"

ಹುಡುಗಿ ಬೆರಳಿಟ್ಟು ತೋರಿಸಿದಳು. ಮೇಮೆ ಬಗ್ಗಿ ನೋಡಿದಳು. "ಇಷ್ಟು ಸಣ್ಣ ಜಾಗದಲ್ಲಿ ಇದ್ನಾ ಇವನು," ಅಂದಳು. ಈ ಸಲ ಯಾರೂ ನಗಲಿಲ್ಲ.

ಕಾರ್ಡು ಬಂತು, ಪತ್ರ ಬಂತು, ಬಾಡಿಗೆ ಬಂತು. ಪರವಾನಗಿಯೂ ಆಯಿತು. ನನಗೆ ಸಮಾಧಾನವಾಗಬೇಕಿತ್ತು. ಅವತ್ತು ಸಂಜೆ ಬಾಳೆಲೆ ಒರೆಸುತ್ತ ಕೂತಿದ್ದಾಗ ಮೇಮೆ ಕೇಳಿದಳು, "ಈಗ ಅಲ್ಲಿ ಏನಂತ ಬರ್ದಿದೆ?"

"ತಿಳಿದಿಲ್ಲ ಅಂತ."

"ಸರಿ ಬಿಡು. ಮತ್ತೆ ಗಂಡುಮಕ್ಕಳಿಲ್ಲದವಳಾದೆ."

"ನಾನಿಲ್ವಾ?" ಅಂದೆ. ಧ್ವನಿ ಸ್ವಲ್ಪ ಏರಿತ್ತು.

"ನೀನಿದ್ದೀಯ ಅಂತಾನೇ ಗಂಟಲಲ್ಲಿ ಅನ್ನ ಇಳೀತಿರೋದು. ಅದು ಬೇರೆ, ಇದು ಬೇರೆ." ಎಲೆ ಒರೆಸುವುದನ್ನು ಅವಳು ನಿಲ್ಲಿಸಲಿಲ್ಲ. ಆ ದಿನದಿಂದ ಯೋರಿಸ್ ಕಾಫಿಗೆ ಬಂದರೆ ಲೋಟ ಇಟ್ಟು ಒಳಗೆ ಹೋಗತೊಡಗಿದಳು. ಅವನೂ ಕುಡಿದು ಸುಮ್ಮನೆ ಏಳುತ್ತಿದ್ದ.

ದುಡ್ಡಿನ ದೇವಿಯ ಬುಧವಾರ ಬಂತು. ಮೇಮೆ ತಟ್ಟೆಯಲ್ಲಿ ಅಂಗಡಿಯ ಡಬ್ಬಿ ಇಟ್ಟಳು, ತನ್ನ ಎಲೆಯಡಿಕೆ ಚೀಲದ ನೋಟುಗಳನ್ನಿಟ್ಟಳು, ನನ್ನ ಪಾಸ್‌ಬುಕ್ ಇಟ್ಟಳು. ಹಿತ್ತಿಲ ಕಡೆ ಕೂಗಲಿಲ್ಲ. ನಾನು ಕಾದೆ. ಕೂಗಲೇ ಇಲ್ಲ.

ಅಷ್ಟರಲ್ಲಿ ಅವನೇ ಬಂದ. ಸ್ನಾನ ಮಾಡಿ, ಪಂಚೆ ಸುತ್ತಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ. ಕೈಯಲ್ಲಿ ಹೊಸ ಕಾರ್ಡು. ಮನೆಗುಡಿಯ ಮೆಟ್ಟಿಲ ಕೆಳಗೆ ನಿಂತ.

ಮೇಮೆ ತಲೆಯೆತ್ತಲಿಲ್ಲ. "ಇದು ಮನೆಯವರ ತಟ್ಟೆ."

"ಗೊತ್ತು ಮೇಮೆ."

"ನಿನ್ನ ತಾಯಿ ಯಾರೋ ತಿಳಿದಿಲ್ಲ ಅಂತ ಬರ್ದಿದೆಯಂತೆ."

"ಬ್ಯಾಂಕಿಗೆ ತಿಳಿದಿಲ್ಲ," ಅಂದ ಯೋರಿಸ್.

ಮೇಮೆ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟಳು. ಆಮೇಲೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯಲ್ಲಿ ಅಂಗೈಯಷ್ಟು ಜಾಗ ಮಾಡಿದಳು. "ಇಡು ಮತ್ತೆ. ಅಲ್ಯಾಕೆ ಗರುಡಗಂಬದ ಹಾಗೆ ನಿಂತಿದ್ದೀಯ? ಕೂತ್ಕೋ, ತೀರ್ಥ ಚಿಮುಕಿಸ್ಬೇಕು. ಏ ಮುರ್ನಿ, ನಿಮ್ಮಣ್ಣನಿಗೊಂದು ಚಾಪೆ ತಾ. ಮೊಣಕಾಲು ನೋವಿನವನು."

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅಂಗಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಎರಡು ಚಾಪೆ ತಂದೆ. ಒಂದನ್ನು ಅವನಿಗೆ ಹಾಸಿ, ಇನ್ನೊಂದರ ಮೇಲೆ ನಾನು ಕೂತೆ.