ಹಾಳೆಯ ಮೂಲೆಯ ಪೊಟ್ಟಣ

"ಬೇರಲ್ಲಿ ಇನ್ನೂ ಮಣ್ಣಿದೆಯಲ್ಲಮ್ಮ. ಬ್ರಷ್ ತಗೊಂಡು ತೆಗಿ."

ಸಸ್ಯಸಂಗ್ರಹಾಲಯದ ಮುಖ್ಯಸ್ಥರು ಹಾಳೆಯನ್ನು ಮೇಜಿನ ಮೇಲಿಟ್ಟರು. ಒತ್ತಿ ಒಣಗಿಸಿದ ಕಾಡುಸಾಸಿವೆ ದಪ್ಪನೆಯ ಬಿಳಿ ಹಾಳೆಯ ಮೇಲೆ ನೀಳವಾಗಿ ಮಲಗಿತ್ತು. ಹಳದಿ ಹೂಗಳು ಆಗಲೇ ಬಿಳಿಚಿಕೊಂಡಿದ್ದವು. ಕೆಳಗಿನ ಕಾಯಿಗಳು ಇನ್ನೂ ಎಳಸು.

ಸಹಾಯಕಿ ತಲೆ ತಗ್ಗಿಸಿ ಬೇರು ಉಜ್ಜತೊಡಗಿದಳು. ಕಿಟಕಿಯಾಚೆ ಹಿತ್ತಲ ದಿಬ್ಬದ ಪಕ್ಕ ಮಣ್ಣು ಅಗೆಯುವ ಯಂತ್ರ ಬಂದು ನಿಂತಿತ್ತು. ಈ ಗಿಡ ಸಿಕ್ಕಿದ್ದು ಆ ದಿಬ್ಬದ ಮೇಲೆ. ಊರೆಲ್ಲ ಸುತ್ತಿದರೂ ಅವಳಿಗೆ ಬೇರೆಲ್ಲೂ ಕಂಡಿರಲಿಲ್ಲ. ಈಗ ಅಲ್ಲಿ ಕಾರು ನಿಲ್ಲಿಸಲು ಜಾಗ ಮಾಡುತ್ತಿದ್ದರು.

"ಸರ್, ದಿಬ್ಬದಲ್ಲಿ ಉಳಿದಿರೋ ಗಿಡಗಳ ಕಾಯಿ ಬಲಿಯೋವರೆಗೆ ಅಗೆಯೋದನ್ನ ತಡೀಬಹುದಾ? ಬೀಜ ತೆಗೆದಿಟ್ಕೊಂಡ್ರೆ ಬೇರೆ ಕಡೆ ಹಾಕ್ಬಹುದು." ಇಷ್ಟು ಹೇಳಲು ಬೆಳಗಿನಿಂದ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದಳು.

"ಯಾಕೆ? ನಿನ್ನ ಹಾಳೆ ಇದೆಯಲ್ಲ! ನಿನ್ನೆ ಸಭೆಯಲ್ಲಿ ಇದನ್ನ ತೋರಿಸೇ ದಿಬ್ಬ ಅಗೆಯೋಕೆ ಒಪ್ಪಿಗೆ ತಗೊಂಡಿದ್ದು. ಗಿಡ ನಮ್ಮ ಕಪಾಟಲ್ಲಿ ಭದ್ರವಾಗಿರುತ್ತೆ ಅಂದೆ. ಎಲ್ಲರೂ ಹೂಂ ಅಂದ್ರು."

ಅವಳ ಕಿವಿ ಬಿಸಿಯಾಯಿತು. ದಿನಾ ಕಾಗದ ಬದಲಿಸಿ, ಎಲೆ ಮುದುಡದಂತೆ ಒಂದೊಂದನ್ನೇ ಬೆರಳಿನಿಂದ ಬಿಡಿಸಿ ಒಣಗಿಸಿದ್ದು ಇದಕ್ಕಾ?

ಚಹಾ ತಂದಿದ್ದ ಅಟೆಂಡರ್ ಅಕ್ಕ ಬಾಗಿಲಲ್ಲೇ ನಿಂತಳು. "ಹಾಗಾದ್ರೆ ನಿಮ್ಮ ಫೋಟೋ ಒಂದು ಕಪಾಟಲ್ಲಿಟ್ಟು, ನಿಮ್ಮನ್ನ ಮನೆಗೆ ಕಳಿಸ್ಬಹುದಲ್ವಾ ಸರ್?"

"ಪಿಂಚಣಿ ಕೊಟ್ರೆ ಇವತ್ತೇ ಹೊರಟೆ!" ಅವರು ಹೊಟ್ಟೆ ಕುಣಿಸಿ ನಕ್ಕರು. ಅಕ್ಕನೂ ನಕ್ಕಳು. ಮುಖ್ಯಸ್ಥರು ಚಹಾ ಹೀರುತ್ತ ಹಾಳೆಯ ಮೂಲೆಗೆ ಬೆರಳಿಟ್ಟರು. "ಇಲ್ಲಿ ಪೊಟ್ಟಣ ಎಲ್ಲಿ? ಉದುರಿದ ಬೀಜ ಹಾಕೋಕೆ ಅಂಟಿಸ್ಬೇಕು ತಾನೆ?"

"ಬೀಜ ಇಲ್ಲ ಸರ್."

"ಇಲ್ದಿದ್ರೂ ಅಂಟಿಸು. ಪದ್ಧತಿ ಅಂದ್ಮೇಲೆ ಪದ್ಧತಿ."

"ಬೀಜಾನೇ ಇಲ್ಲ ಅಂತಿದೀನಲ್ಲ! ಬೀಜ ಆಗೋಕೆ ನೀವೆಲ್ಲಿ ಬಿಟ್ರಿ?"

ಅವಳ ದನಿ ಕಬ್ಬಿಣದ ಕಪಾಟುಗಳಿಗೆ ಬಡಿದು ವಾಪಸ್ಸು ಬಂತು. ಅದು ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅವರು ನಿಧಾನವಾಗಿ ಲೋಟ ಕೆಳಗಿಟ್ಟರು. "ಕೂಗ್ಬೇಡಮ್ಮ. ಒಣಗಿದ ಎಲೆ ಉದುರಿ ಹೋಗುತ್ತೆ," ಎಂದು ಹೊರನಡೆದರು.

ಹೊರಗೆ ಯಂತ್ರ ಗುಡುಗಿತು. ಕಿಟಕಿಯ ಗಾಜು ಗಡಗಡ ಅದುರಿತು. ಅವಳು ಹೊರಗೆ ನೋಡಲಿಲ್ಲ. ಕಾಗದ ಮಡಿಸಿ ಪೊಟ್ಟಣ ಮಾಡಿ, ಹಲ್ಲು ಕಚ್ಚಿಕೊಂಡು ಅಂಟಿಸಿದಳು. ಸೊಟ್ಟಗಾಯಿತು. ಸರಿಮಾಡಲು ಹೋಗಲಿಲ್ಲ.

ಅಕ್ಕ ಬಟ್ಟೆ ತಂದು ಮೇಜು ಒರೆಸತೊಡಗಿದಳು. ಬೇರಿನಿಂದ ಉದುರಿದ ಮಣ್ಣು ಬ್ರಷ್ಷಿನ ಪಕ್ಕ ಚಿಟಿಕೆಯಷ್ಟು ಬಿದ್ದಿತ್ತು.

"ಅದನ್ನ ಒರೆಸ್ಬೇಡಕ್ಕ."

"ಮಣ್ಣಮ್ಮ ಅದು. ಕಪಾಟಿನೊಳಗೆ ಹೋದ್ರೆ ಹುಳ ಬೀಳುತ್ತೆ, ಸರ್ ಬೈತಾರೆ."

"ಬೈಲಿ."

ಒಂದು ಕಣವೂ ಬಿಡದೆ ಅಷ್ಟನ್ನೂ ಬೆರಳಿಗೆ ಒತ್ತಿ ಒತ್ತಿ ತೆಗೆದು ಪೊಟ್ಟಣಕ್ಕೆ ಸುರಿದಳು. ಅದರ ಬಾಯಿ ಮಡಿಸಿದಳು. ಹಾಳೆಯನ್ನು ಕಪಾಟಿನೊಳಗೆ ತಳ್ಳುವಾಗ, ಪೊಟ್ಟಣದ ಮಣ್ಣು ಸರಕ್ಕನೆ ಒಂದು ಬದಿಗೆ ಜಾರಿದ್ದು ಕೇಳಿಸಿತು.