ಟೈಲರಕ್ಕನ ಮೈ ತುಂಬಿಕೊಂಡಿತು

ಎದೆಯ ಕ್ಯಾನ್ಸರ್ ಗಡ್ಡೆಗೆ ಆಪರೇಷನ್ ಆಗಿ, ಕೀಮೋ ಶುರುವಾದ ಮೇಲೆ ಟೈಲರಕ್ಕ ಕಡ್ಡಿಯಾಗಿಬಿಟ್ಟಿದ್ದಳು. ಹಾಗಿದ್ದವಳು ಒಂದೇ ವಾರದಲ್ಲಿ ದುಂಡಗಾದಳು. ಅವಳ ಅತ್ತೆಗೆ ಹಿಗ್ಗೋ ಹಿಗ್ಗು!

"ನನ್ನ ಸೊಸೆ ಮೈ ತುಂಬಿಕೊಂಡಳು ಕಣ್ರೇ!" ಎಂದು ಬೀದಿಗೆಲ್ಲ ಸಾರಿ ಬಂದರು.

ಟೈಲರಕ್ಕನೇನು ಕಡಿಮೆಯೇ? ಬಿಗಿಯಾದ ಅಂಗಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು. ಹೊಲಿಗೆ ಮೆಷಿನ್ ತುಳಿದರೆ ಏದುಸಿರು ಬರುತ್ತಿತ್ತು. ಪೆಡಲ್ ಬಿಗಿಯಾಗಿದೆ ಎಂದುಕೊಂಡು ಮೆಷಿನ್ನಿಗೆ ಎಣ್ಣೆ ಬಿಟ್ಟಳು!

ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ಬಟ್ಟೆ ಹೊಲಿಸಲು ಮಹಡಿ ಹತ್ತಿ ಬಂದಳು.

"ಅಲ್ಲಕ್ಕಾ, ಮೆಟ್ಟಿಲು ಹತ್ತಿದ್ದು ನಾನು. ಏದುಸಿರು ನಿಂಗ್ಯಾಕೆ?"

ಹಾಗೆನ್ನುತ್ತಲೇ ಟೈಲರಕ್ಕನ ಕಾಲನ್ನು ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಇದು ಮೈ ಅಲ್ಲಕ್ಕಾ, ನೀರು!"

"ಬಿಡು ಬಿಡು, ಕಣ್ಣು ಹಾಕಬೇಡ!" ಎಂದು ಅತ್ತೆ ಸಿಡುಕಿದರು.

"ದೊಡ್ಡಮ್ಮಾ, ಕೆಲವು ಕೀಮೋ ಔಷಧಿ ಹೃದಯಕ್ಕೂ ಪೆಟ್ಟು ಕೊಡುತ್ತೆ. ಎಲ್ಲರಿಗೂ ಹಾಗಾಗಲ್ಲ. ಹೃದಯ ಸೋತರೆ ಕಾಲಲ್ಲಿ ನೀರು ನಿಲ್ಲುತ್ತೆ, ಮೇಲುಸಿರು ಬರುತ್ತೆ. ಈಗಲೇ ಡಾಕ್ಟರಿಗೆ ಹೇಳಬೇಕು."

ಟೈಲರಕ್ಕನ ಮುಖ ಸಣ್ಣಗಾಯಿತು. "ಹೇಳಿದ್ರೆ ಕೀಮೋ ನಿಲ್ಲಿಸಿಬಿಡ್ತಾರೆ ಕಣೇ. ಗಡ್ಡೆ ಮತ್ತೆ ಬಂದ್ರೆ ನನ್ನ ಮಗಳಿಗೆ ಯಾರು ಗತಿ?"

"ಮುಚ್ಚಿಟ್ಟು ಹೃದಯವೇ ನಿಂತ್ರೆ ಕೀಮೋ ಯಾರಿಗೆ ಕೊಡೋದು? ಡಾಕ್ಟರು ಎಕೋ ಮಾಡಿಸ್ತಾರೆ. ಹೃದಯದ ಸ್ಕ್ಯಾನ್ ಅದು, ನೋವೇ ಇರಲ್ಲ. ಹೃದಯಕ್ಕೆ ಮಾತ್ರೆ ಕೊಡ್ತಾರೆ. ಬೇಕಾದ್ರೆ ಕ್ಯಾನ್ಸರ್ ಔಷಧೀನೂ ಬದಲಾಯಿಸ್ತಾರೆ. ಬೇಗ ಹೋದ್ರೆ ಎರಡನ್ನೂ ಸಂಭಾಳಿಸಬಹುದು."

ಮೊದಲು ಚಪ್ಪಲಿ ಮೆಟ್ಟಿದವರು ಅತ್ತೆಯೇ. "ಏಳೇ! ಬಾಯಿ ಬಿಟ್ಕೊಂಡು ಏನು ನೋಡ್ತಿದ್ದೀ?"

ನರ್ಸ್ ಹೇಳಿದಂತೆಯೇ ಆಯಿತು. ಎಕೋದಲ್ಲಿ ಹೃದಯ ದುರ್ಬಲವಾಗಿರುವುದು ಕಂಡಿತು. ಮಾತ್ರೆ ಸಿಕ್ಕಿತು, ಕ್ಯಾನ್ಸರ್ ಔಷಧಿ ಬದಲಾಯಿತು. ನೀರಿಳಿದು ಉಸಿರು ಹಗುರವಾಯಿತು. ಚಿಕಿತ್ಸೆಯೂ ನಡೆಯುತ್ತಿದೆ. ಈಗ ಟೈಲರಕ್ಕ ಮಗಳ ಜೊತೆ ಬೀದಿಯ ತುದಿಯವರೆಗೆ ನಡೆಯುತ್ತಾಳೆ, ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲದೆ ಹರಟುತ್ತಾಳೆ. "ಅಮ್ಮಾ, ಸ್ವಲ್ಪ ನಾನೂ ಮಾತಾಡ್ಲಾ?" ಎಂದು ಮಗಳು ಗೋಗರೆಯುತ್ತಾಳೆ.

ನಿಮಗೋ ನಿಮ್ಮ ಮನೆಯವರಿಗೋ ಕೀಮೋ ನಡೆಯುತ್ತಿದೆಯೇ? ಕಾಲು ಊದಿದರೆ, ತೂಕ ದಿಢೀರನೆ ಏರಿದರೆ, ಎದೆ ಡವಡವ ಹೊಡೆದುಕೊಂಡರೆ ಅಂದೇ ಡಾಕ್ಟರಿಗೆ ತಿಳಿಸಿ. ಎದೆನೋವು ಬಂದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ಹೀಗಾದರೂ ಸರಿ, ಕೀಮೋ ಆಗಿತ್ತು ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಯಾನ್ಸರನ್ನೇ ಎದುರಿಸಿ ನಿಂತವರು ನೀವು, ಡಾಕ್ಟರ ಮುಂದೆ ಬಾಯಿ ಬಿಡಲು ಅಂಜಿಕೆಯೇಕೆ?