ಮಿಲ್ಲಿನ ಜಾಗದಲ್ಲಿ ಮ್ಯೂಸಿಯಂ ಬಾಗಿಲು

ಥರ್ಮೋಕೋಲಿನಲ್ಲಿ ಮಾಡಿದ ನಮ್ಮ ಬೀದಿಯನ್ನು ನೋಡಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಮೂಡಿಗೆರೆಯ ಹಳೇಪೇಟೆ ಬೀದಿ ಇದ್ದದ್ದು ಇದ್ದ ಹಾಗೆಯೇ ಮೇಜಿನ ಮೇಲೆ ಕೂತಿತ್ತು. ಹೆಂಚಿನ ಮನೆಗಳು, ಉದ್ದ ಜಗಲಿಗಳು, ಧರ್ಮೇಶನ ಸೈಕಲ್ ಶಾಪು, ಕೊನೆಯಲ್ಲಿ ದೇವರಾಜೇಗೌಡರ ಅಜ್ಜ ಕಟ್ಟಿಸಿದ ಕಾಫಿ ಗೋಡೌನು. ಗೋಡೌನಿನ ಮುಂದಕ್ಕೆ ಅಂಟಿಕೊಂಡಿರುವ ನನ್ನ ಕಾಫಿಪುಡಿ ಮಿಲ್ಲು ಮಾತ್ರ ಇರಲಿಲ್ಲ. ಅಲ್ಲೊಂದು ಗಾಜಿನ ಬಾಗಿಲು, ಬಾಗಿಲ ಮುಂದೆ ಬೆರಳುದ್ದದ ಪ್ಲಾಸ್ಟಿಕ್ ಹೆಂಗಸು.

"ಈಯಮ್ಮ ಯಾರು?" ಎಂದೆ.

"ಚಿತ್ರ ನೋಡೋಕೆ ಬಂದಿರೋರು, ತಿಮ್ಮಮ್ಮ," ಎಂದಳು ಗಗನಾ. ಗೋಡೌನನ್ನು ಚಿತ್ರಕಲೆಯ ಮ್ಯೂಸಿಯಂ ಮಾಡಲು ಗೌಡರು ಕರೆಸಿದ್ದ ಆರ್ಕಿಟೆಕ್ಟ್ ಅವಳು.

"ಮತ್ತೆ ನಾನೆಲ್ಲಿ?"

ಅವಳು ಪೆನ್ಸಿಲ್ ಕಚ್ಚಿಕೊಂಡು ಗೌಡರ ಮುಖ ನೋಡಿದಳು. ಗೌಡರು ಸೂರು ನೋಡಿದರು.

ಚಿತ್ರಗಳ ಮೇಲೆ ನನಗೇನೂ ದ್ವೇಷವಿಲ್ಲ, ಇಟ್ಟುಕೊಳ್ಳಲಿ. ಜಾಗವೂ ಗೌಡರದೇ. ಆದರೆ ನನ್ನ ಅತ್ತೆ ನಡೆಸಿದ ಮಿಲ್ಲು ಅದು. ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷದಿಂದ ನಾನೇ ಬೆಲ್ಟ್ ಹಾಕಿ ನಡೆಸಿದ್ದೇನೆ. ಅದು ಹೋದರೆ ಐವತ್ತಾರು ದಾಟಿದ ನನಗೆ ಬೇರೆ ಯಾವ ಕೆಲಸ ಬರುತ್ತದೆ? ಗೌಡರು ಬಸ್‌ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಕೊಡಿಸುತ್ತೇನೆ ಎಂದರು. ಹುರಿದ ಬೀಜ ಹೊತ್ತುಕೊಂಡು ಅಲ್ಲಿಯವರೆಗೆ ಯಾರು ಬರುತ್ತಾರೆ, ನನ್ನ ಮುಖ ನೋಡೋಕಾ?

"ನೋಡು ತಿಮ್ಮಮ್ಮ," ಎಂದರು ಗೌಡರು, "ಮ್ಯೂಸಿಯಂಗೆ ಬಂದೋರಿಗೆ ಮೊದಲು ಚಿಕೋರಿ ಗಬ್ಬು ಹೊಡೀಬಾರ್ದು. ಈ ಬೀದಿಯೋರು ಕಾಫಿ ಕುಡಿಯೋದಿಲ್ಲ, ಚಿಕೋರಿ ಕಷಾಯ ಕುಡೀತಾರೆ. ನಮ್ಮನೇಲಿ ಶುದ್ಧ ಅರೇಬಿಕಾ ಬಿಟ್ಟು ಬೇರೆ ಹನಿ ಒಲೆ ಮೇಲೆ ಏರಿದ್ದಿಲ್ಲ."

ನನಗೆ ನಗು ಗಂಟಲಿನವರೆಗೆ ಬಂದು ನಿಂತಿತು. ಗೌಡರ ಹೆಂಡತಿ ಸಾವಿತ್ರಮ್ಮ ಹದಿನೈದು ದಿನಕ್ಕೊಮ್ಮೆ ತಾವೇ ಬರುತ್ತಾರೆ. ಬುಟ್ಟಿಯಲ್ಲಿ ಮೇಲೆ ಬೀಜ, ಅಡಿಯಲ್ಲಿ ಚಿಕೋರಿ ಪೊಟ್ಟಣ. ಬೀಜವಾದರೂ ಎಂತದು? ತೋಟದ ಒಳ್ಳೇ ಮಾಲೆಲ್ಲ ಮಾರಾಟಕ್ಕೆ ಹೋದ ಮೇಲೆ ಉಳಿದ ಜೊಳ್ಳು, ನುಚ್ಚು. ಬೆಳೆಗಾರರ ಮನೆಗಳ ಪದ್ಧತಿಯೇ ಅದು. ಆದರೆ ಸಾವಿತ್ರಮ್ಮ ಕಳಸೇಶ್ವರನ ಮೇಲೆ ಆಣೆ ಹಾಕಿಸಿಕೊಂಡಿದ್ದರು. ಬಾಯಿ ಬಿಡುವ ಹಾಗಿರಲಿಲ್ಲ.

ಬಾಯಿ ಬಿಡಬಾರದು ಅಷ್ಟೇ, ತಲೆ ಓಡಿಸಬಾರದು ಅಂತ ಆಣೆ ಇರಲಿಲ್ಲವಲ್ಲ.

ಗಗನಾ ಬೀದಿ ಅಳೆಯಲು ಮನೆಮನೆಗೆ ಹೋಗಿ ಕಾಫಿ ಕುಡಿದಿದ್ದಳು. ಒಂದೊಂದು ಮನೆಯದು ಒಂದೊಂದು ರುಚಿ ಯಾಕೆ ಎಂದು ನನ್ನನ್ನು ಕೇಳಿದಳು. ಒಬ್ಬೊಬ್ಬರ ಹದ ಒಂದೊಂದು ಮಾರಾಯ್ತಿ, ಅವರವರ ಅತ್ತೆಯಂದಿರು ಕಲಿಸಿದ್ದು, ಯಾರೂ ಯಾರಿಗೂ ಹೇಳುವುದಿಲ್ಲ ಎಂದೆ. ಹುಡುಗಿ ಕಣ್ಣರಳಿಸಿ, ಇದೂ ಮ್ಯೂಸಿಯಂನಲ್ಲಿ ಇರಬೇಕು, ಒಂದು ಗೋಡೆ ಪೂರ್ತಿ ಇದಕ್ಕೇ ಬಿಡುತ್ತೇನೆ ಎಂದಳು. ಬಾಗಿಲು ಬದಲಿಸುವುದು ಮಾತ್ರ ಗೌಡರ ಕೈಯಲ್ಲಿದೆ ಎಂದಳು.

ನಕ್ಷೆ ಪಾಸು ಮಾಡುವ ದಿನ ಇಡೀ ಬೀದಿ ಗೋಡೌನಿನಲ್ಲಿ ಸೇರಿತು. ನಾನು ಐದು ಲೋಟ ಡಿಕಾಕ್ಷನ್ ತಂದು, ಒಂದರಿಂದ ಐದರವರೆಗೆ ನಂಬರು ಅಂಟಿಸಿ ಸಾಲಾಗಿ ಇಟ್ಟೆ. ಎರಡನೆಯದು ಗೌಡರ ತೋಟದ್ದೇ ಪಕ್ಕಾ ಅರೇಬಿಕಾ. ಅವರ ತೋಟದ ಲೆಕ್ಕ ಬರೆಯುವ ರೈಟರ್ ಉಮೇಶನನ್ನು ಕಾಡಿ ಬೇಡಿ ತರಿಸಿದ್ದೆ. ಒಂದು, ಮೂರು, ನಾಲ್ಕು ಬೀದಿಯ ಬೇರೆ ಮನೆಗಳ ಚಿಕೋರಿ ಹದ. ಐದನೆಯದು ಸಾವಿತ್ರಮ್ಮನದು. ಪ್ರತಿ ಸಲ ಬೀಸಿದಾಗ ಮೆಷಿನ್ನಿನಲ್ಲಿ ಒಂದು ಹಿಡಿ ಉಳಿಯುತ್ತದೆ, ಅದನ್ನು ಎತ್ತಿಟ್ಟಿದ್ದೆ.

"ಗೌಡ್ರೇ, ಚಿಕೋರಿ ಇಲ್ಲದ ಲೋಟ ಯಾವುದು ಹೇಳಿಬಿಡಿ. ಹೇಳಿದ್ರೆ ನಾಳೆ ನಾನೇ ಮಿಲ್ಲು ಬಿಚ್ತೀನಿ. ತಪ್ಪಿದ್ರೆ ನಿಮ್ಮ ಬಾಗ್ಲು ಆಚೆ ಓಣಿ ಕಡೆ ಹೋಗ್ಬೇಕು."

"ಇದೆಂತ ಮಕ್ಕಳಾಟ!" ಎಂದರೂ ಗೌಡರು ಅಂಗಿ ತೋಳು ಮಡಚಿದರು. ಹೊಗಳಿಕೆಗಿಂತ ಪಂಥಕ್ಕೆ ಬೇಗ ಬೀಳುವ ಜಾತಿ ಅವರದು.

ಒಂದನ್ನು ಹೀರಿ ತಲೆ ಅಲ್ಲಾಡಿಸಿದರು. ಎರಡನೆಯದಕ್ಕೆ ಮುಖ ಹಿಂಡಿ, "ಇದು ಕಲಗಚ್ಚು! ಯಾವನಪ್ಪ ಇದನ್ನ ಕುಡಿಯೋನು?" ಎಂದರು. ಉಮೇಶ ನೆಲ ನೋಡಿದ. ಮೂರು, ನಾಲ್ಕು ಮುಗಿಸಿ ಐದಕ್ಕೆ ಬಂದವರೇ ಕಣ್ಣು ಮುಚ್ಚಿದರು. "ಆಹಾ! ಇದು ಕಾಫಿ. ಇದು ಅರೇಬಿಕಾ. ಆಣೆ ಮಾಡಿ ಹೇಳ್ತೀನಿ."

"ತಪ್ಪಿದ್ರಿ ಗೌಡ್ರೇ. ಅರೇಬಿಕಾ ಎರಡನೇದು."

"ಸುಳ್ಳು! ನಲವತ್ತು ವರ್ಷ ಕುಡಿದಿರೋ ನಾಲಗೆ ಇದು. ಐದು ಯಾರ ಮನೇದು ಹೇಳು, ಅವರ ಬಾಯಿಂದಲೇ ಕೇಳೋಣ."

ಇಷ್ಟು ದೂರ ನಾನು ಯೋಚಿಸಿಯೇ ಇರಲಿಲ್ಲ! ಗೌಡರು ಪೆಚ್ಚಾಗುತ್ತಾರೆ, ಎಲ್ಲರೂ ನಗುತ್ತಾರೆ, ಕಥೆ ಮುಗಿಯುತ್ತದೆ ಎಂದುಕೊಂಡಿದ್ದೆ. ಹೆಸರು ನಾಲಗೆ ತುದಿಯಲ್ಲಿತ್ತು. ಒಂದು ಮಾತು ಆಡಿದರೆ ಮಿಲ್ಲು ಉಳಿಯುತ್ತಿತ್ತು. ಸಾವಿತ್ರಮ್ಮ ಮೂರನೇ ಸಾಲಿನಲ್ಲಿ ಸೆರಗು ಬಿಗಿ ಹಿಡಿದು ಕೂತಿದ್ದರು. ನನಗೆ ಅಳು ಬಂತು, ಆಡಲಿಲ್ಲ.

"ಹೇಳಕ್ಕಾಗಲ್ಲ," ಎಂದೆ.

"ಅಷ್ಟೇ ಮತ್ತೆ! ಗಗನಾ, ಬಾಗ್ಲು ಇದ್ದಲ್ಲೇ ಇರ್ಲಿ," ಎಂದರು ಗೌಡರು.

ಆಗ ಸಾವಿತ್ರಮ್ಮ ಎದ್ದು ನಿಂತರು.

"ಐದು ನಮ್ಮನೇದು ರೀ."

"ಹಾಗಾದ್ರೆ ನಾನು ಹೇಳಿದ್ದು ಸರಿಯಾಯ್ತಲ್ಲ!" ಗೌಡರು ತೊಡೆ ತಟ್ಟಿದರು.

"ಅರ್ಧಕ್ಕರ್ಧ ಚಿಕೋರಿ. ಉಳಿದಿದ್ದು ಜೊಳ್ಳು. ಮದುವೆಯಾದ ವರ್ಷ ಶುದ್ಧ ಅರೇಬಿಕಾ ಕಾಸಿ ಕೊಟ್ಟಿದ್ದೆ. ಅವತ್ತೂ ಕಲಗಚ್ಚು ಅಂತ ಬಚ್ಚಲಿಗೆ ಚೆಲ್ಲಿದ್ರಿ. ನಿಮ್ಮ ಬಾಯಿಗೆ ಹಿಡಿಯೋ ಹದ ಸಿಗೋಕೆ ನಂಗೆ ಎಂಟು ತಿಂಗಳು ಬೇಕಾಯ್ತು. ಮಿಲ್ಲು ತೆಗೆಸಿ, ನಾಳೆಯಿಂದ ಆ ಎರಡನೇ ಲೋಟವೇ ಗತಿ."

ಗೋಡೌನಿನ ಹೆಂಚು ಹಾರುವಷ್ಟು ನಗು ಎದ್ದಿತು. ಗೌಡರು ಮಾತ್ರ ನಗಲಿಲ್ಲ. ಐದನೇ ಲೋಟ ಎತ್ತಿ, ಉಳಿದದ್ದನ್ನೂ ಕುಡಿದು ಕೆಳಗಿಟ್ಟರು.

"ಬಾಗ್ಲು ಓಣಿ ಕಡೆ ಮಾಡಮ್ಮ," ಎಂದರು ಗಗನಾಳಿಗೆ. ನಾನು ಅಲ್ಲೇ ಇದ್ದ ಕಾಫಿ ಚೀಲದ ಮೇಲೆ ಕೂತುಬಿಟ್ಟೆ.

ಗಗನಾ ಪುಸ್ತಕ ತೆರೆದು, "ಸರ್, ಐದನೇದರ ಹದಾನ ಗೋಡೆ ಮೇಲೆ ಇಡಬಹುದಾ?" ಎಂದಳು.

ಗೌಡರು ಮಡಚಿದ ತೋಳು ಬಿಡಿಸಿಕೊಂಡರು. "ಇಡಿ. ದೇವರಾಜೇಗೌಡರ ಮನೆ ಕಾಫಿ ಅಂತ ಬರೀರಿ."

"ಮ್ಯೂಸಿಯಂನಲ್ಲಿ ಇಡೋ ಚಿತ್ರದ ಕೆಳಗೆಲ್ಲ ಬರೆದೋರ ಹೆಸರು ಇರುತ್ತೋ, ಗೋಡೆ ಯಜಮಾನ್ರ ಹೆಸರು ಇರುತ್ತೋ?" ಎಂದು ಕೇಳಿದರು ಸಾವಿತ್ರಮ್ಮ.

"ಬರೆದೋರದ್ದು ಅಮ್ಮ," ಎಂದಳು ಗಗನಾ.

"ಹಾಗಾದ್ರೆ ಸಾವಿತ್ರಿ ಅಂತ ಬರಿ."